ಡೊಂಬಿವಲಿಯಿಂದ, ಮೂರನೇ ಬೆಂಚಿನ ಗೆಳತಿಗೆ

ಪ್ರೀತಿಯ ಗೆಳತಿ,

ಇಷ್ಟು ವರ್ಷಗಳಲ್ಲಿ ನಾನು ನಿನಗೆ ಕೈಯಾರೆ ಬರೆಯದ ಮೊದಲ ಪತ್ರ ಇದು. ಮೊಬೈಲಿಗೆ ಹೇಳಿ ಬರೆಸುತ್ತಿದ್ದೇನೆ. ಅದು ತಪ್ಪಾಗಿ ಕೇಳಿಸಿಕೊಂಡದ್ದನ್ನು ಕಿರುಬೆರಳಿನಿಂದ ತಿದ್ದುತ್ತಿದ್ದೇನೆ. ಪೆನ್ನು ಹಿಡಿದರೆ ನಾಲ್ಕನೆಯ ಸಾಲಿಗೆಲ್ಲ ಹೆಬ್ಬೆರಳು ಮರಗಟ್ಟುತ್ತದೆ. ನಮ್ಮಿಬ್ಬರ ಮಾತನ್ನು ಹೀಗೆ ನಾಲ್ಕು ಜನ ಓದುವ ಜಾಗದಲ್ಲಿ ಹಾಕುತ್ತಿರುವುದಕ್ಕೆ ಕೋಪಿಸಿಕೊಳ್ಳಬೇಡ, ಕಾರಣವಿದೆ. ಮಾಸ್ತರರ ಛತ್ರಿಯ ವಿಷಯವನ್ನು ಮಾತ್ರ ಇಲ್ಲಿ ಎತ್ತುವುದಿಲ್ಲ, ಆಣೆ.

ನನ್ನ ಸೀಮಂತದ, ಅದೇ ಕುಬಸದ, ಫೋಟೋ ನೋಡಿ, ಕಣ್ಣು ತುಂಬಿಕೊಂಡು ಎಷ್ಟು ಚೆಂದ ಕಾಣುತ್ತಿದ್ದೀಯೇ ಎಂದು ಬರೆದಿದ್ದೆಯಲ್ಲ, ಆ ಕಣ್ಣೀರಿನ ನಿಜ ಹೇಳುತ್ತೇನೆ. ಅವ್ವ ಧಾರವಾಡದಿಂದ ತಂದದ್ದು ನನ್ನ ಹಳೆಯ ಅಳತೆಯ ಹಸಿರು ಗಾಜಿನ ಬಳೆ, ಎರಡು-ನಾಲ್ಕು. ಏಳನೆಯ ತಿಂಗಳಿಗೆ ನನ್ನ ಕೈ ಎಷ್ಟು ಬಾತಿತ್ತೆಂದರೆ ಅವು ಬೆರಳ ಗೆಣ್ಣುಗಳನ್ನೇ ದಾಟಲಿಲ್ಲ. ಫಡಕೆ ರಸ್ತೆಗೆ ಓಡಿ ಎರಡು-ಎಂಟರ ಅಳತೆಯದನ್ನು ತಂದರು. ಬಳೆಗಾರ್ತಿ ನನ್ನ ನಾಲ್ಕೂ ಬೆರಳುಗಳನ್ನು ಒಟ್ಟುಗೂಡಿಸಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಒಮ್ಮೆ ಹಿಂಡಿದಳು. ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗೆ ಬೆಂಕಿಯ ಗೆರೆ ಎಳೆದಂತಾಯಿತು. ಹೆಂಗಸರೆಲ್ಲ ಆನಂದಬಾಷ್ಪವೆಂದುಕೊಂಡು ಇನ್ನೊಂದು ಹಾಡು ಎತ್ತಿಕೊಂಡರು. ನಾನೂ ಹೌದೆನ್ನುವ ಹಾಗೆ ನಕ್ಕುಬಿಟ್ಟೆ.

ಯಾಕೆ ನಕ್ಕೆನೋ! ಆ ಹೊತ್ತಿಗಾಗಲೇ ಮೂರು ವಾರದಿಂದ ನಡುರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ಬೆರಳುಗಳಿಗೆ ಜೋಮು ಹಿಡಿದು, ಒಳಗಿನಿಂದ ಯಾರೋ ಸೂಜಿ ಚುಚ್ಚಿದಂತೆ. ಮಂಚದ ಅಂಚಿಗೆ ಕೂತು, ಒದ್ದೆ ಕೈಯ ನೀರು ಕೊಡವುವಂತೆ ಕೊಡವಿದರೆ ಕೈಗೆ ಜೀವ ಬರುತ್ತಿತ್ತು. ಒಂದು ಸಲ ಬಾಯಿ ಬಿಟ್ಟು ಹೇಳಿದ್ದಕ್ಕೆ, ಬಸುರಿಯರಿಗೆ ಇದೆಲ್ಲ ಇದ್ದದ್ದೇ, ಹೆತ್ತ ಮೇಲೆ ತಾನಾಗಿ ಹೋಗುತ್ತದೆ ಎಂಬ ಉತ್ತರ ಬಂತು. ಆ ಮಾತು ಬಹುಮಟ್ಟಿಗೆ ನಿಜವೆಂದು ಈಗ ತಿಳಿದಿದೆ. ಆದರೆ ಅಂದು ಅದನ್ನು ಕೇಳಿದ ಮೇಲೆ ನಾನು ಮತ್ತೆ ಯಾರ ಹತ್ತಿರವೂ ಹೇಳಲಿಲ್ಲ.

ಬಾಯಿ ಬಿಡಿಸಿದವಳು ರೈಲಿನಲ್ಲಿ ಸಿಕ್ಕ ಒಬ್ಬ ಹೆಂಗಸು. 2017ರ ತಿದ್ದುಪಡಿಯ ನಂತರ ನಮಗೆ ಹೆರಿಗೆ ರಜೆ 26 ವಾರ, ಅದರಲ್ಲಿ 8 ವಾರವನ್ನು ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಆದಷ್ಟನ್ನೂ ಮಗು ಬಂದ ಮೇಲಕ್ಕೆ ಉಳಿಸಿಕೊಳ್ಳುವ ಆಸೆಯಿಂದ ನಾನು 33ನೆಯ ವಾರದಲ್ಲೂ ಘಾಟ್ಕೋಪರಿನ ಕಚೇರಿಗೆ ಹೋಗಿಬರುತ್ತಿದ್ದೇನೆ. ಲೋಕಲ್ ರೈಲಿನ ಅಂಗವಿಕಲರ ಬೋಗಿಯಲ್ಲಿ ಬಸುರಿಯರೂ ಕೂರಬಹುದು. ಮುಂಬ್ರಾ ದಾಟುವಾಗ ಎದುರಿನ ಸೀಟಿನವಳು, ಅವಳೂ ತುಂಬು ಬಸುರಿ, ಊಟದ ಡಬ್ಬಿಯನ್ನು ತೊಡೆಗಿಳಿಸಿ ಬಲಗೈಯನ್ನು ಎರಡು ಸಲ ಕೊಡವಿದಳು. ಅದೇ ಕೊಡವಾಟ! ನಾನೂ ನನ್ನ ಕೈ ಎತ್ತಿ ಕೊಡವಿ ತೋರಿಸಿದೆ. "ರಾತ್ರಿಯೂ?" ಎಂದು ಮರಾಠಿಯಲ್ಲಿ ಕೇಳಿದಳು. ಚೀಲದಿಂದ ಮಣಿಕಟ್ಟಿಗೆ ಕಟ್ಟುವ ಒಂದು ಕಪ್ಪು ಪಟ್ಟಿ ತೆಗೆದು, ಒಳಗಿನ ಲೋಹದ ಚಪ್ಪಟೆ ಕಡ್ಡಿಯನ್ನು ನನ್ನ ಕೈಯಿಂದ ಮುಟ್ಟಿಸಿ, ಡಾಕ್ಟರಿಗೆ ಹೇಳು ಎಂದು ಠಾಣೆ ಸ್ಟೇಷನ್ನಿನಲ್ಲಿ ಇಳಿದು ಹೋದಳು. ಹೆಸರು ಕೇಳಲಾಗಲಿಲ್ಲ. ಇದನ್ನು ಎಲ್ಲರೆದುರು ಬರೆಯುತ್ತಿರುವುದು ಅದಕ್ಕೇ. ಬೇರೆ ಬೋಗಿಗಳಲ್ಲೂ ಕೈ ಕೊಡವಿಕೊಳ್ಳುವವರು ಕೂತಿರುತ್ತಾರೆ.

ಡಾಕ್ಟರರು ಮೊದಲು ರಕ್ತದೊತ್ತಡ ನೋಡಿದರು. ಮುಖ, ಕೈ ಇದ್ದಕ್ಕಿದ್ದಂತೆ ಊದಿಕೊಂಡು, ಜೊತೆಗೆ ತಲೆನೋವು ಬಂದರೆ, ಕಣ್ಣು ಮಂಜಾದರೆ ಅದು ಬೇರೆಯೇ ತೊಂದರೆ ಇರಬಹುದು, ಆಗ ಬೆಳಗಾಗುವವರೆಗೂ ಕಾಯದೆ ಬರಬೇಕು ಎಂದರು. ನನ್ನ ಒತ್ತಡ ಸರಿಯಾಗಿತ್ತು. ಆಮೇಲೆ ಕೇಳಿದ ಪ್ರಶ್ನೆ ನನ್ನನ್ನು ಬೆರಗುಗೊಳಿಸಿತು: "ಕಿರುಬೆರಳಿಗೂ ಜೋಮು ಹಿಡಿಯುತ್ತದೆಯೇ?" ಇಷ್ಟು ರಾತ್ರಿಗಳಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಇಲ್ಲ, ಹಿಡಿಯುವುದಿಲ್ಲ. ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳುಗಳನ್ನು ಕೆಳಮುಖ ಮಾಡಿ ಒಂದು ನಿಮಿಷ ಹಿಡಿಯಲು ಹೇಳಿದರು, ತಲೆಕೆಳಗಾದ ನಮಸ್ಕಾರದಂತೆ. ನಿಮಿಷ ತುಂಬುವ ಮೊದಲೇ ಸೂಜಿಗಳು ಬಂದವು.

ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಓಣಿ ಇದೆಯಂತೆ. ಕೆಳಗೂ ಪಕ್ಕದಲ್ಲೂ 8 ಪುಟ್ಟ ಮೂಳೆಗಳು, ಮೇಲೆ ಒಂದು ಗಟ್ಟಿ ಪಟ್ಟಿ. ಅದರೊಳಗೆ ಬೆರಳು ಮಡಚುವ 9 ಸ್ನಾಯುರಜ್ಜುಗಳು, ಅವುಗಳ ನಡುವೆ ಮೀಡಿಯನ್ ಎಂಬ ಒಂದು ನರ. ಬಸಿರಿನಲ್ಲಿ ಮೈ ನೀರು ಹಿಡಿಯುತ್ತದೆ, ಓಣಿ ಮಾತ್ರ ಹಿಗ್ಗುವುದಿಲ್ಲ. ಸಂಜೆ ಜನ ಕಿಕ್ಕಿರಿದ ದಾದರ್ ಸ್ಟೇಷನ್ನಿನ ಸೇತುವೆಯನ್ನು ನೆನೆದುಕೊ, ನೀನು ನನ್ನ ದುಪಟ್ಟಾ ಹಿಡಿದುಕೊಂಡು ದಾಟಿದ್ದೆಯಲ್ಲ, ಆ ನರದ ಪಾಡೂ ಅದೇ. ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ. ಕಿರುಬೆರಳಿನ ನರ ಬೇರೆ, ಅದು ಆ ಓಣಿಗೆ ಇಳಿಯುವುದೇ ಇಲ್ಲ.

ನಿದ್ದೆಯಲ್ಲಿ ನಾವು ಕೈ ಮಡಚಿ ಗಲ್ಲದ ಕೆಳಗೆ ಇಟ್ಟುಕೊಳ್ಳುತ್ತೇವೆ, ಅದರಿಂದ ಓಣಿ ಇನ್ನಷ್ಟು ಕಿರಿದಾಗುತ್ತದೆ. ಹಾಗಾಗಿ ರಾತ್ರಿ ಮಣಿಕಟ್ಟು ನೇರವಾಗಿ ನಿಲ್ಲುವಂತೆ ಪಟ್ಟಿ ಕಟ್ಟಿಕೊಂಡು, ಕೈಯನ್ನು ದಿಂಬಿನ ಮೇಲಿಟ್ಟು ಮಲಗುತ್ತೇನೆ. ಬಿಗಿಯಾಗಿ ಕಟ್ಟಬಾರದು. ನಾದಿನಿ ಪ್ರೀತಿಯಿಂದ ಕೊಟ್ಟಿದ್ದ ಐಬುಪ್ರೊಫೆನ್ ಮಾತ್ರೆಯನ್ನು ತೋರಿಸಿದಾಗ ಡಾಕ್ಟರರು ಪಕ್ಕಕ್ಕೆ ಸರಿಸಿಬಿಟ್ಟರು. 20 ವಾರ ದಾಟಿದ ಮೇಲೆ ಅಂಥ ಮಾತ್ರೆ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರನ್ನು ಕಡಿಮೆ ಮಾಡಬಹುದು, ನಾವಾಗಿಯೇ ನುಂಗಬಾರದು. ಪಟ್ಟಿ ಕಟ್ಟಿದ ಮೊದಲ ರಾತ್ರಿ ನಾಲ್ಕೂವರೆಯವರೆಗೆ ನಿದ್ದೆ ಮಾಡಿದೆ. ಅವ್ವ ಬೆಳಿಗ್ಗೆ ಎದ್ದು ನನ್ನ ಮುಖ ನೋಡಿಯೇ ದೇವರ ಮುಂದೆ ದೀಪ ಹಚ್ಚಿದಳು.

ಇಲ್ಲಿಗೆ ಮುಗಿಸಬೇಕೆಂದಿದ್ದೆ. ನಿನಗೆ ಬರೆಯುವಾಗ ಅರ್ಧಕ್ಕೆ ನಿಲ್ಲಿಸುವುದು ನನಗೆ ಯಾವತ್ತೂ ಬಂದಿಲ್ಲ.

ಪಟ್ಟಿ ಬರುವ ಹಿಂದಿನ ವಾರ ಪಕ್ಕದ ಮನೆಯವಳು ತನ್ನ ನಾಲ್ಕು ತಿಂಗಳ ಕೂಸನ್ನು ನನ್ನ ಕೈಗೆ ಕೊಟ್ಟಳು. ಅಭ್ಯಾಸವಾಗಲಿ ಎಂದಳು. ಅವನ ಕತ್ತಿನ ಕೆಳಗೆ ನನ್ನ ಬೆರಳುಗಳಿದ್ದವು, ಕಣ್ಣಿಗೆ ಕಾಣುತ್ತಿದ್ದವು, ಆದರೆ ಅಲ್ಲಿ ಕೂಸಿನ ಭಾರವೂ ಬಿಸಿಯೂ ನನಗೆ ತಿಳಿಯಲಿಲ್ಲ. ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ವಾಪಸು ಕೊಟ್ಟೆ. ಅಡುಗೆಮನೆಗೆ ಹೋಗಿ ಆರಿದ ಒಲೆಯ ಮುಂದೆ ನಿಂತುಕೊಂಡೆ. ಅವಳು ಮತ್ತೆ ಮಗುವನ್ನು ಕರೆತಂದಿಲ್ಲ. ಅವಳಿಗೆ ನಿಜ ಹೇಳಬೇಕು, ಈ ವಾರವೇ ಹೇಳುತ್ತೇನೆ.

ಅಂದು ರಾತ್ರಿ ಒಳಗಿನದು ಜೋರಾಗಿ ಒದೆಯಿತು. ಹೊಟ್ಟೆಯ ಮೇಲೆ ಬೆರಳಿಟ್ಟೆ. ಹೊಟ್ಟೆಗೆ ಒದೆತ ತಿಳಿಯಿತು, ಬೆರಳಿಗೆ ತಿಳಿಯಲಿಲ್ಲ. ನಿದ್ದೆಗಣ್ಣಿನಲ್ಲಿ ಇವರು ತಮ್ಮ ಕೈಯಿಟ್ಟು, "ಇಲ್ಲಿದೆ ನೋಡು, ಹಿಮ್ಮಡಿ" ಎಂದರು. ನನ್ನ ಮಗುವಿನ ಹಿಮ್ಮಡಿಯನ್ನು ನನಗಿಂತ ಮೊದಲು ಮುಟ್ಟಿದ್ದಕ್ಕೆ ಇವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಗೆಳತಿ, ಕೈಯನ್ನು ತಳ್ಳಿಬಿಟ್ಟೆ. ಆಮೇಲೆ ಮಗುವಿನ ಮೇಲೂ ಸಿಟ್ಟು ಬಂತು. ನನ್ನ ಕೈಯನ್ನೇ ಕಿತ್ತುಕೊಂಡಿತಲ್ಲ ಎಂದುಕೊಂಡೆ. ಇದನ್ನು ಅವ್ವನಿಗೂ ಹೇಳಿಲ್ಲ.

ಫಿಸಿಯೋಥೆರಪಿಯ ಹುಡುಗಿ ಈಗ ದಿಂಬಿನಲ್ಲಿ ಕೂಸನ್ನು ಎತ್ತುವುದು ಕಲಿಸುತ್ತಿದ್ದಾಳೆ. ಹೆಬ್ಬೆರಳು ಅಗಲಿಸಿ ಕಂಕುಳಿಗೆ ಕೈಹಾಕಿ ಎತ್ತಿದರೆ ಬಾಣಂತಿಯರಿಗೆ ಹೆಬ್ಬೆರಳ ಬುಡದಲ್ಲಿ ಇನ್ನೊಂದು ನೋವು ಶುರುವಾಗುತ್ತದೆ, ಅದರ ಹೆಸರು ಡಿ ಕರ್ವೇನ್. ಅಂಗೈ ಮೇಲೆ ಮಾಡಿ, ತಲೆ ಮತ್ತು ಕುಂಡೆಯ ಕೆಳಗಿನಿಂದ, ಭಾರವೆಲ್ಲ ಮುಂಗೈಗೆ ಬರುವಂತೆ ಎತ್ತಬೇಕು. ದಿನಕ್ಕೆ ಹತ್ತು ಸಲ ದಿಂಬನ್ನು ಎತ್ತುತ್ತೇನೆ. ಅವ್ವ ಅದಕ್ಕೆ ಲಾಲಿ ಹಾಡುತ್ತಾಳೆ.

ನಿನ್ನೆ ರಾತ್ರಿ ಮತ್ತೆ ಒದೆಯಿತು. ಪಟ್ಟಿ ಬಿಚ್ಚಿ, ಕೈಯನ್ನು ಓರೆ ಮಾಡಿ, ಕಿರುಬೆರಳನ್ನು ಅಲ್ಲಿಟ್ಟೆ. ಸಿಕ್ಕಿತು ಕಣೇ. ಒಂದು ಗುಂಡುಗುಂಡಾದ ಗಟ್ಟಿ ಒತ್ತು, ಜಾರಿತು, ಮತ್ತೆ ಬಂತು. ಇವರನ್ನು ಎಬ್ಬಿಸಲಿಲ್ಲ.

ಸಾಕು, ಮೊಬೈಲು ಬಿಸಿಯಾಗಿದೆ. ತೊಟ್ಟಿಲಿಗೆ ಬರುತ್ತೀಯಲ್ಲ? ಲೈನ್ ಬಜಾರಿನ ಪೇಢೆ ತಾ, ಒಂದಲ್ಲ ಎರಡು ಡಬ್ಬಿ, ಒಂದು ಪಕ್ಕದ ಮನೆಯವಳಿಗೆ. ಚಕ್ಕುಲಿಯ ಒರಳನ್ನು ಈ ಸಲ ನೀನೇ ಒತ್ತಬೇಕು. ಛತ್ರಿಯನ್ನೂ ತೆಗೆದುಕೊಂಡು ಬಾ, ಇಲ್ಲಿ ಮಳೆ ಇನ್ನೂ ನಿಂತಿಲ್ಲ.

ನಿನ್ನ,
ಕಿಟಕಿಯ ಪಕ್ಕದವಳು