ಮದುವೆ ದಿನವೇ ಹಬ್ಬ

ಸಂಪಾದಕರೇ,

ಕ್ಯಾಥೋಲಿಕ್ ಸಂತರ ಹಬ್ಬ ಸಾಮಾನ್ಯವಾಗಿ ಅವರು ತೀರಿಕೊಂಡ ದಿನ ಬರುತ್ತದೆ. ರೋಮ್‌ನ ಲುಯಿಜಿ ಮತ್ತು ಮರಿಯಾ ಬೆಲ್ಟ್ರಾಮೆ ಕ್ವಾಟ್ರೋಕಿ ದಂಪತಿಯದು ಮಾತ್ರ ನವೆಂಬರ್ 25, ಅಂದರೆ 1905ರಲ್ಲಿ ಅವರ ಮದುವೆಯಾದ ದಿನ. ನನಗಂತೂ ಇದು ಬಹಳ ಹಿಡಿಸಿತು.

ನಾಲ್ಕನೇ ಬಸಿರಿನಲ್ಲಿ ಮರಿಯಾಗೆ ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಬಂದಿತ್ತು. ತಾಯಿ ಉಳಿಯಬೇಕಾದರೆ ಗರ್ಭ ತೆಗೆಸಿ ಎಂದರು ವೈದ್ಯರು. ಗಂಡ ಹೆಂಡತಿ ಇಬ್ಬರೂ ಒಪ್ಪಲಿಲ್ಲ. 1914ರಲ್ಲಿ ಎನ್ರಿಕೆಟ್ಟಾ ಹುಟ್ಟಿದಳು, ತಾಯಿಯೂ ಬದುಕಿದರು. ಹಾಗಂತ, ಅಂಥ ಕಷ್ಟದಲ್ಲಿ ಬೇರೆ ತೀರ್ಮಾನ ಮಾಡಿದ ಹೆಣ್ಣುಮಕ್ಕಳನ್ನು ಚುಚ್ಚಲು ಈ ಕಥೆ ಬಳಸಬಾರದು, ಅಲ್ವಾ?

ಈ ದಂಪತಿ ಜೀವ ದೊಡ್ಡದು ಎಂದು ಸುಮ್ನೆ ಹೇಳಿ ಕೂರಲಿಲ್ಲ. ಮರಿಯಾ ರೆಡ್ ಕ್ರಾಸ್‌ನಲ್ಲಿ ದಾದಿಯಾಗಿ ಸೇವೆ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಅವರ ಮನೆ ನಿರಾಶ್ರಿತರಿಗೆ ತೆರೆದಿತ್ತು. 2001ರ ಅಕ್ಟೋಬರ್ 21ರಂದು ಪೋಪ್ ಎರಡನೇ ಜಾನ್ ಪಾಲ್ ಇಬ್ಬರನ್ನೂ ಪುನೀತರೆಂದು (ಸಂತ ಪದವಿಗೆ ಮುಂಚಿನ ಹಂತ) ಘೋಷಿಸಿದರು. ಗಂಡ ಹೆಂಡತಿ ಎಂದೇ ಜೋಡಿಯಾಗಿ ಈ ಗೌರವ ಪಡೆದವರಲ್ಲಿ ಇವರೇ ಮೊದಲಿಗರು. ಆ ದಿನ ಎನ್ರಿಕೆಟ್ಟಾ ಸೇರಿ ಮೂವರು ಮಕ್ಕಳು ಅಲ್ಲೇ ಇದ್ದರು.

ನವೆಂಬರ್‌ನಲ್ಲಿ ಇವರ ಬಗ್ಗೆ ಒಂದು ಲೇಖನ ಹಾಕಿದರೆ ಚೆನ್ನಾಗಿರುತ್ತದೆ.

– ಒಬ್ಬ ಓದುಗ, ಮಂಗಳೂರು