9ನೇ ತರಗತಿಯ ಪೋಷಕರಿಗೆ: ಈ ಸಲ ಸಂವಿಧಾನ ದಿನಕ್ಕೆ ಭಾಷಣ ಸ್ಪರ್ಧೆ ಇಲ್ಲ

ಪ್ರೀತಿಯ ಪೋಷಕರೇ,

ನಮಸ್ಕಾರ. ನವೆಂಬರ್ 26 ಬಂತು ಅಂದರೆ ನಮ್ಮಲ್ಲಿ ಭಾಷಣ ಸ್ಪರ್ಧೆ ಇರುತ್ತಿತ್ತು. ಮಕ್ಕಳು ಮೊಬೈಲ್‌ನಲ್ಲಿ ಸಿಕ್ಕಿದ್ದನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. "ಸಂವಿಧಾನ ಶಿಲ್ಪಿ" ಅಂತ ಶುರು, ಜೈಕಾರದಲ್ಲಿ ಮುಕ್ತಾಯ. ಈ ಸಲ ಅದರ ಬದಲು ಅಂಬೇಡ್ಕರ್ ಅವರದೇ ಭಾಷಣವನ್ನು ಓದಿಸುತ್ತಿದ್ದೇವೆ. 1949ರ ನವೆಂಬರ್ 25ರಂದು ಅವರು ಸಂವಿಧಾನ ರಚನಾ ಸಭೆಯಲ್ಲಿ ಆಡಿದ ಮಾತುಗಳವು. ಕನ್ನಡ ಅನುವಾದದ ಝೆರಾಕ್ಸ್ ಇವತ್ತು ಮಕ್ಕಳ ಬ್ಯಾಗಿನಲ್ಲಿದೆ.

ಮರುದಿನವೇ ಸಭೆ ಸಂವಿಧಾನವನ್ನು ಅಂಗೀಕರಿಸಿತು. ಅಂದರೆ ಇದು ಸಂವಿಧಾನದ ಪರವಾಗಿ ಮಾಡಿದ ಭಾಷಣ. ಆದರೂ ಇದರಲ್ಲಿ ಹೊಗಳಿಕೆಗಿಂತ ಎಚ್ಚರಿಕೆಯೇ ಜಾಸ್ತಿ. ತರಗತಿಯಲ್ಲಿ ಒಬ್ಬಳು ಕೇಳಿದಳು: "ಮೇಡಂ, ಒಪ್ಕೊಳ್ಳಿ ಅಂತ ಹೇಳೋಕೆ ನಿಂತವ್ರು ಯಾಕೆ ಇಷ್ಟೊಂದು ಹೆದರಿಸ್ತಾರೆ?" ಉತ್ತರ ಭಾಷಣದಲ್ಲೇ ಇದೆ. ಸಂವಿಧಾನ ಎಷ್ಟೇ ಚೆನ್ನಾಗಿರಲಿ, ನಡೆಸುವವರು ಕೆಟ್ಟವರಾದರೆ ಅದೂ ಕೆಡುತ್ತದೆ ಎನ್ನುತ್ತಾರೆ ಅವರು.

ಮೊದಲ ಪುಟಗಳಲ್ಲಿ ಅಂಕಿ ಅಂಶ ತುಂಬಾ ಇವೆ. ಸಭೆಯ ಕೆಲಸಕ್ಕೆ ಹಿಡಿದ 2 ವರ್ಷ 11 ತಿಂಗಳು 17 ದಿನ, ಸಂವಿಧಾನದ 395 ವಿಧಿಗಳು, 2,473 ತಿದ್ದುಪಡಿಗಳ ಚರ್ಚೆ. ಪರೀಕ್ಷೆಗೆ ಬರುತ್ತೆ ಅಂತ ಇದನ್ನೇ ಉರು ಹೊಡೆಸಬೇಡಿ. ಅದರ ನಂತರದ ಭಾಗ ನನಗೆ ಬಹಳ ಇಷ್ಟ. ಶ್ರೇಯಸ್ಸು ತನ್ನೊಬ್ಬನದಲ್ಲ ಎಂದು ಹೇಳಿ, ಮೊದಲ ಕರಡು ತಯಾರಿಸಿದ ಬಿ. ಎನ್. ರಾವ್ ಅವರನ್ನು ನೆನೆಯುತ್ತಾರೆ. ರಾವ್ ನಮ್ಮ ಮಂಗಳೂರಿನವರು. ಆಮೇಲೆ ಸಭೆಯಲ್ಲಿ ತಮ್ಮ ಜೊತೆ ಜಗಳಕ್ಕೇ ನಿಂತಿದ್ದ ಎಚ್. ವಿ. ಕಾಮತ್, ಕೆ. ಟಿ. ಶಾ, ಕುಂಜ್ರು ಮುಂತಾದವರ ಹೆಸರು ಹಿಡಿದು ಕೃತಜ್ಞತೆ ಹೇಳುತ್ತಾರೆ. ಅವರ ಸಲಹೆಗಳನ್ನು ನಾನು ಒಪ್ಪಲಿಲ್ಲ, ಆದರೆ ಅವರಿಲ್ಲದಿದ್ದರೆ ಸಂವಿಧಾನದ ಹಿಂದಿನ ತತ್ವಗಳನ್ನು ವಿವರಿಸುವ ಅವಕಾಶವೇ ಸಿಗುತ್ತಿರಲಿಲ್ಲ ಎನ್ನುವುದು ಅವರ ಮಾತಿನ ಸಾರ. ಗೆದ್ದ ದಿನ ಎದುರಾಳಿಗೆ ಥ್ಯಾಂಕ್ಸ್ ಹೇಳುವವರು ಎಷ್ಟು ಜನ ಇದ್ದಾರೆ?

ಎಚ್ಚರಿಕೆಯ ಭಾಗಕ್ಕೆ ಬಂದಾಗ ಮಕ್ಕಳಿಗೆ ಗೊಂದಲ ಆಗುತ್ತದೆ. ಉಪ್ಪಿನ ಸತ್ಯಾಗ್ರಹದ ಪಾಠ ಕೇಳಿದವರಿಗೆ ಇಲ್ಲಿ ಸತ್ಯಾಗ್ರಹವನ್ನೂ ಬಿಡಬೇಕು ಎಂಬ ಮಾತು ಸಿಗುತ್ತದೆ. ಬೇರೆ ದಾರಿಯೇ ಇಲ್ಲದಿದ್ದಾಗ ಅದು ಸರಿ, ಸಂವಿಧಾನದ ದಾರಿ ತೆರೆದ ಮೇಲೆ ಅಲ್ಲ ಎಂಬುದು ಅವರ ವಾದ. ಒಪ್ಪಲೇಬೇಕು ಅಂತಿಲ್ಲ. ಮನೆಯಲ್ಲಿ ಇದರ ಬಗ್ಗೆ ವಾದ ನಡೆದರೆ ನನಗೆ ಖುಷಿ.

ರಾಜಕೀಯದಲ್ಲಿ ಭಕ್ತಿ ಅಥವಾ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಎಂದೂ ಹೇಳಿದ್ದಾರೆ. ಅವರ ಹೆಸರಿಗೆ ಜೈಕಾರ ಹಾಕಿ ಈ ಮಾತನ್ನೇ ಬಿಟ್ಟುಬಿಟ್ಟರೆ ಹೇಗೆ, ಅಲ್ವಾ?

ಇನ್ನೊಂದು ಕಡೆ ಸ್ವಲ್ಪ ನಿಧಾನವಾಗಿ ಓದಿ. 1950ರ ಜನವರಿ 26ರಿಂದ ಎಲ್ಲರ ವೋಟಿಗೂ ಒಂದೇ ಬೆಲೆ, ಆದರೆ ಬದುಕಿನಲ್ಲಿ ಎಲ್ಲರಿಗೂ ಒಂದೇ ಬೆಲೆ ಇರುವುದಿಲ್ಲ ಎನ್ನುತ್ತಾರೆ. ಈ ಅಸಮಾನತೆಯನ್ನು ಬೇಗ ಹೋಗಲಾಡಿಸದಿದ್ದರೆ, ಅದರಿಂದ ನೊಂದವರೇ ಈ ಸಭೆ ಕಷ್ಟಪಟ್ಟು ಕಟ್ಟಿದ ಪ್ರಜಾಪ್ರಭುತ್ವವನ್ನು ಕೆಡವುತ್ತಾರೆ ಎಂಬ ಆತಂಕ ಅವರದು. ಈ ಪ್ಯಾರಾ ಓದಿದಾಗ ಗಲಾಟೆ ಮಾಡುವ ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ಶಾಲೆಯಲ್ಲಿ ರಾಜಕೀಯ ಯಾಕೆ ಅಂತ ಕೆಲವರು ಫೋನ್ ಮಾಡಿದ್ದಿರಿ. ಇಲ್ಲಿ ಯಾವ ಪಕ್ಷದ ಮಾತೂ ಇಲ್ಲ. ದಿನಾ ಬೆಳಿಗ್ಗೆ ಪೀಠಿಕೆ ಓದುವ ಮಕ್ಕಳಿಗೆ ಅದರ ಹಿಂದಿನ ಚರ್ಚೆಯೂ ಗೊತ್ತಿರಲಿ ಅಂತ ಅಷ್ಟೇ.

ನೀವು ಮಾಡಬೇಕಾದ್ದು ಇಷ್ಟೇ. ರಾತ್ರಿ ಊಟ ಆದಮೇಲೆ ಎರಡು ಪುಟ ಜೋರಾಗಿ ಓದಿಸಿ, ಪಕ್ಕದಲ್ಲಿ ಕೂತು ಕೇಳಿ. ಮಕ್ಕಳು ತಮ್ಮದೇ ಒಂದು ಪ್ರಶ್ನೆಯನ್ನು ಡೈರಿಯಲ್ಲಿ ಬರೆದು ತರಲಿ. ದಯವಿಟ್ಟು ನೀವು ಬರೆದುಕೊಡಬೇಡಿ, ಕೈಬರಹ ನಮಗೆ ಗೊತ್ತಾಗುತ್ತೆ! 26ರ ಮಧ್ಯಾಹ್ನ 2 ಗಂಟೆಗೆ ಸಭಾಂಗಣದಲ್ಲಿ ಆ ಪ್ರಶ್ನೆಗಳನ್ನು ಇಟ್ಟುಕೊಂಡು ಮಾತುಕತೆ. ಬಿಡುವಿದ್ದವರು ಬನ್ನಿ, ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿರುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ