ಕಾವಿ ನೆಲ ಅಗೆಯುವುದು ಪರಿಸರಸ್ನೇಹಿಯೇ?

ಮಾನ್ಯರೇ,

ನಮ್ಮ ಬೀದಿಯ ಹಳೆಯ ಮನೆಯೊಂದನ್ನು ‘ಪರಿಸರಸ್ನೇಹಿ’ ಮಾಡುವ ಕೆಲಸ ನಡೆದಿದೆ. ಮೊದಲಿಗೆ ಕೆಂಪು ಕಾವಿ (ರೆಡ್ ಆಕ್ಸೈಡ್) ನೆಲವನ್ನೇ ಅಗೆದು ಟ್ರ್ಯಾಕ್ಟರಿಗೆ ತುಂಬಿದರು! ಅಲ್ಲಿಗೆ ಹೊರರಾಜ್ಯದ ಬಿದಿರಿನ ಹಲಗೆ ಬರಲಿದೆಯಂತೆ. ಹೊಸ ಸರಕು ಎಷ್ಟೇ ಹಸಿರಾಗಿದ್ದರೂ ಗಟ್ಟಿಮುಟ್ಟಾದ ಹಳೆಯದನ್ನು ಕಸಕ್ಕೆ ಸುರಿದು ಪಡೆದ ಲಾಭವೇನು? ಸಿಮೆಂಟಿಗೆ ಕಾವಿ ಬೆರೆಸಿ, ಕರಣೆಯಿಂದ ತಿಕ್ಕಿ, ದಿನಗಟ್ಟಲೆ ನೀರು ನಿಲ್ಲಿಸಿ ಹದಗೊಳಿಸಿದ ಆ ನೆಲ ಕೊಬ್ಬರಿ ಎಣ್ಣೆ ಸವರಿದಷ್ಟೂ ಹೊಳೆಯುತ್ತದೆ. ವಿಟ್ರಿಫೈಡ್ ಟೈಲ್ಸ್‌ನಂತೆ ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕಾಗಿಲ್ಲ. ಬಿರುಕು ಬಿಡುತ್ತದೆ, ನಿಜ. ಬಣ್ಣ ಹೊಂದಿಸಿ ತೇಪೆ ಹಾಕಬಲ್ಲ ಗಾರೆಯವರು ಸಿಗದಿರುವುದೇ ದೊಡ್ಡ ತೊಂದರೆ.

ಗೋಡೆಗೆ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕಿದ ಚಿತ್ತಾರವಂತೆ. ನಮ್ಮದೇ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ ಬರೆಯುವ ಕಲೆ ಅದು. ತಕ್ಕ ಸಂಭಾವನೆ ಕೊಟ್ಟು ಅವರನ್ನೇ ಕರೆಸಬಾರದೇ? ಪುರವಣಿಗಳಲ್ಲಿ ಹೊಳೆಯುವ ಮನೆಗಳ ಫೋಟೊ ಸಾಕಷ್ಟು ನೋಡಿದ್ದೇವೆ. ಹಳೆಯ ನೆಲದ ದುರಸ್ತಿಯನ್ನು ಗಾರೆ ಕೆಲಸದ ಸರ್ಕಾರಿ ತರಬೇತಿಯಲ್ಲಿ ಮೊದಲು ಸೇರಿಸಲಿ.

– ನಿವೃತ್ತ ಶಿಕ್ಷಕಿ, ಸಾಗರ